ಲೇಪಾಕ್ಷಿಯ ಚಿತ್ರಗಳಿಗೆ ತಟ್ಟಿದ ನೀರು

ಹಿಂದೂಪುರದಿಂದ ಲೇಪಾಕ್ಷಿಗೆ ಸುಮಾರು 15 ಕಿಲೋಮೀಟರು. ಆಂಧ್ರದ ನೆಲವಾದರೂ ವೀರಭದ್ರ ದೇವಾಲಯದಲ್ಲಿ ನಮ್ಮನ್ನು ಎದುರುಗೊಳ್ಳುವುದು ಕನ್ನಡದ ಶಾಸನಗಳು. ವಿಜಯನಗರದ ಅರಸ ಅಚ್ಯುತದೇವರಾಯನ (1529–1542) ಕಾಲದಲ್ಲಿ ಸೋದರರಾದ ವಿರೂಪಣ್ಣ, ವೀರಣ್ಣ ಕಟ್ಟಿಸಿದ ಗುಡಿ ಇದು. ಬುಡ ಪೂರ್ತಿ ನೆಲಕ್ಕೆ ತಾಗದ ತೂಗುಕಂಬದ ಸುತ್ತ ಜನಜಂಗುಳಿ. ನಾನು ಅದನ್ನು ದಾಟಿ ಮಂಟಪದ ಚಾವಣಿ ನೋಡುತ್ತ ನಿಂತೆ.

ಪಾರ್ವತಿಯ ಮದುವೆ, ಕಿರಾತಾರ್ಜುನರ ಕಾಳಗ, ಆಲದೆಲೆಯ ಮೇಲಿನ ಕೃಷ್ಣ. ಒರಟು ಕಲ್ಲುಚಪ್ಪಡಿಗೆ ಸುಣ್ಣದ ಗಾರೆ ಬಳಿದು, ಅದರ ಮೇಲೆ ಕಾವಿ, ಹಳದಿ, ಕಪ್ಪು, ಹಸಿರು, ಬಿಳಿ. ಸಾಲಾಗಿ ನಿಂತ ಹೆಂಗಸರ ಸೀರೆಗಳಲ್ಲಿ ಒಂದರ ಅಂಚಿನಂತೆ ಇನ್ನೊಂದಿಲ್ಲ. ಆ ಸಾಲಿನ ನಡುವೆಯೇ ಎರಡು ಚಪ್ಪಡಿಗಳ ಸಂದಿ ಹಾದುಹೋಗಿದೆ. ಸಂದಿಯ ಇಕ್ಕೆಲದಲ್ಲೂ ಬಿಳಿ ಉಪ್ಪಿನ ಕಲೆ, ಹೆಕ್ಕಳಿಕೆ ಎದ್ದ ಬಣ್ಣ. ಒಬ್ಬಾಕೆಯ ಮುಖವಿದೆ, ಭುಜವಿಲ್ಲ. ನೋಡಿ ಹೊಟ್ಟೆ ಉರಿಯಿತು.

ಹಾನಿ ಬರುವುದು ಮೇಲಿನಿಂದ. ಮಾಳಿಗೆಯ ಗಾರೆ ಬಿರುಕು ಬಿಟ್ಟರೆ ಮಳೆನೀರು ಸಂದಿಗಿಳಿಯುತ್ತದೆ, ಸುಣ್ಣದಲ್ಲಿರುವ ಲವಣಗಳನ್ನು ಕರಗಿಸಿಕೊಂಡು ಕೆಳಗೆ ಒಸರುತ್ತದೆ. ಬೇಸಿಗೆಯಲ್ಲಿ ನೀರು ಆರಿ ಹೋದರೂ ಉಪ್ಪು ಬಣ್ಣದ ಹಿಂದೆ ಹರಳುಗಟ್ಟಿ ಅದನ್ನು ಒಳಗಿನಿಂದಲೇ ತಳ್ಳುತ್ತದೆ. ಹೀಗಾಗಿ ಸಂರಕ್ಷಣೆ ಮೊದಲು ಶುರುವಾಗಬೇಕಾದದ್ದು ಮಾಳಿಗೆಯಲ್ಲಿ: ಸುಣ್ಣ, ಇಟ್ಟಿಗೆಪುಡಿಯ ಗಾರೆಯಿಂದ ಬಿರುಕು ಮುಚ್ಚಬೇಕು, ನೀರು ಹರಿದುಹೋಗುವ ದಾರಿ ತೆರೆದಿರಬೇಕು. ಅಲ್ಲಿ ಸಿಮೆಂಟ್ ಮೆತ್ತುವುದು ಅನ್ಯಾಯ. ಅದು ತೇವವನ್ನು ಒಳಗೇ ಕಟ್ಟಿಹಾಕುತ್ತದೆ, ತನ್ನ ಲವಣಗಳನ್ನೂ ಸೇರಿಸುತ್ತದೆ.

ಚಿತ್ರದ ಸರದಿ ಆಮೇಲೆ. ಪರಿಣತರು ಬೆರಳಿನಿಂದ ಮೆಲ್ಲಗೆ ತಟ್ಟಿ ಗಾರೆ ಎಲ್ಲಿ ಟೊಳ್ಳಾಗಿದೆ ಎಂದು ಸದ್ದಿನಿಂದಲೇ ಗುರುತಿಸುತ್ತಾರೆ. ಸಿರಿಂಜಿನಲ್ಲಿ ತೆಳು ಸುಣ್ಣದ ದ್ರಾವಣ ಇಳಿಸಿ ಅದನ್ನು ಮತ್ತೆ ಕಲ್ಲಿಗೆ ಕೂಡಿಸುತ್ತಾರೆ. ಉದುರುವಂತಿರುವ ಬಣ್ಣಕ್ಕೆ ನವುರಾದ ಕಾಗದ ಅಂಟಿಸಿ ಹಿಡಿದಿಟ್ಟು ಕೆಲಸ ಮುಂದುವರಿಸುವುದೂ ಉಂಟು. ಹೋದ ಭುಜವನ್ನು ಮಾತ್ರ ಹೊಸದಾಗಿ ಬರೆಯುವಂತಿಲ್ಲ. ಖಾಲಿ ಜಾಗಕ್ಕೆ ಕಣ್ಣಿಗೆ ರಾಚದ ಸಾದಾ ಬಣ್ಣದ ಗಾರೆ ತುಂಬಿದರೆ ಸಾಕು. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ವಿಜಯನಗರದ ಕಲಾವಿದನ ಗೆರೆಯ ಪಕ್ಕದಲ್ಲಿ ನಮ್ಮ ಊಹೆಯ ಗೆರೆ ಬೇಡ.

ಹೋಗುವವರು ಬೈನಾಕ್ಯುಲರ್ ಒಯ್ಯಿರಿ. ಬಿಸಿಲು ಓರೆಯಾಗಿ ಬೀಳುವ ಬೆಳಗಿನ ಹೊತ್ತಿಗೇ ತಲುಪಿ. ಚಾವಣಿಯಲ್ಲಿ ಬರೆದ ದೊಡ್ಡ ವೀರಭದ್ರನನ್ನು ನೋಡಿದ ಮೇಲೆ ಅಂಚಿನ ಚಪ್ಪಡಿಗಳನ್ನೂ ಬಿಡಬೇಡಿ. ಹೆಚ್ಚು ಕಳೆದುಹೋಗಿರುವುದು ಅಲ್ಲೇ.