ಶಿರಸಿ ಭಾವನ ನಂಬರು, ಕಾರವಾರದ ಸೆಕೆ

ಮೇ ತಿಂಗಳು, ಮಧ್ಯಾಹ್ನ ಎರಡು ಗಂಟೆ, ಕೋಡಿಬಾಗದ ನಮ್ಮ ಮನೆ ಗೋಡೆ ಮೇಲಿನ ಥರ್ಮಾಮೀಟರ್ 33 ತೋರಿಸ್ತಿತ್ತು. ಆ ಹೊತ್ತಲ್ಲಿ ನಾನು ಜೀವನದಲ್ಲಿ ಮೊದಲನೇ ಸಲ ಬಯೋಸ್ (ವಿಂಡೋಸ್ ಬರೋ ಮುಂಚಿನ ಸೆಟ್ಟಿಂಗ್ ಸ್ಕ್ರೀನ್) ಒಳಗೆ ಹೋಗಿ ಪ್ರಾಸೆಸರ್ ಸ್ಪೀಡ್ ಬದಲಾಯಿಸ್ಲಿಕ್ಕೆ ಕೂತೆ. ಗೇಮ್ ಆಡ್ಲಿಕ್ಕಲ್ಲ, ಮಾವನ ತಾಳಮದ್ದಲೆಗೋಸ್ಕರ.

ಹೊನ್ನಾವರದ ಮಾವ ಒಳ್ಳೆ ಅರ್ಥಧಾರಿ (ತಾಳಮದ್ದಲೆಯಲ್ಲಿ ವೇಷ ಇಲ್ದೆ ಕೂತು ಪಾತ್ರದ ಮಾತು ಆಡೋರು) ಆಗಿದ್ರು. ಸುಮಾರು ಹದಿನೈದು ವರ್ಷದ ಹಿಂದೆ ಒಂದು ರಾತ್ರಿ ಅವರು ಕರ್ಣನ ಅರ್ಥ ಹೇಳಿದ್ದನ್ನ ಯಾರೋ ಹ್ಯಾಂಡಿಕ್ಯಾಮಲ್ಲಿ ಹಿಡಿದಿಟ್ಟಿದ್ರು, ಏಳು ಮಿನಿ ಡಿವಿ ಟೇಪು. ಮಾವ ಈಗಿಲ್ಲ, ಅವರ ದನಿ ಇರೋದು ಆ ಟೇಪಲ್ಲಿ ಮಾತ್ರ. ಒಂದು ಗಂಟೆ ಟೇಪು ಕಂಪ್ಯೂಟರಿಗೆ ಇಳಿಸಿದ್ರೆ ಸುಮಾರು 13 ಜಿಬಿ ಆಗ್ತದೆ, ಹಂಗಾಗಿ ಏಳೂ ಸೇರಿ 90 ಜಿಬಿ ದಾಟ್ತು. ಅದನ್ನ ನೆಂಟರಿಗೆಲ್ಲ ಕಳಿಸೋ ಸೈಜಿಗೆ ತರಬೇಕು, ಹಳೇ ವಿಡಿಯೋದ ಗೆರೆ ಗೆರೆ ತೆಗೀಬೇಕು, ಕತ್ತಲಲ್ಲಿ ತೆಗೆದಿದ್ದಕ್ಕೆ ಬಂದ ಕಾಳು ಕಾಳು ನಾಯ್ಸ್ ಕಮ್ಮಿ ಮಾಡಬೇಕು. ಈ ನಾಯ್ಸ್ ಫಿಲ್ಟರ್ ಅಂದ್ರೆ ಪೂರ್ತಿ ಪ್ರಾಸೆಸರ್ ಕೆಲಸ. ನನ್ನ ಸೆಕೆಂಡ್ ಹ್ಯಾಂಡ್ ರೈಜನ್ 5 2600ರಲ್ಲಿ ಒಂದು ಸಲ ಎಲ್ಲ ಓಡಿಸ್ಲಿಕ್ಕೆ ಆರು ಗಂಟೆ ಮೇಲೆ ಹಿಡೀತಿತ್ತು, ಫಿಲ್ಟರ್ ಸರಿ ಬರ್ಲಿಲ್ಲ ಅಂದ್ರೆ ಮತ್ತೆ ಆರು ಗಂಟೆ.

ಆ ಚಿಪ್ಪು 2018ರದ್ದು, ಆರು ಕೋರು ಹನ್ನೆರಡು ಥ್ರೆಡ್ಡು, ಕಂಪನಿ ಹೇಳೋ ಸ್ಪೀಡು 3.4 ಗಿಗಾಹರ್ಟ್ಸ್, ಬೂಸ್ಟ್ ಆದ್ರೆ 3.9 ತನಕ. ಆದ್ರೆ ಆ 3.9 ಒಂದೋ ಎರಡೋ ಕೋರಿಗೆ ಕೆಲಸ ಇದ್ದಾಗ ಮಾತ್ರ, ಎಲ್ಲ ಕೋರೂ ದುಡೀಲಿಕ್ಕೆ ಶುರು ಮಾಡಿದ್ರೆ ನನ್ನದ್ರಲ್ಲಿ 3.6ರ ಹತ್ರ ನಿಲ್ತಿತ್ತು. ಈ ಚಿಪ್ಪಲ್ಲಿ ಮಲ್ಟಿಪ್ಲೈಯರ್ (ಬೇಸ್ ಕ್ಲಾಕನ್ನ ಎಷ್ಟರಿಂದ ಗುಣಿಸಬೇಕು ಅನ್ನೋ ನಂಬರು) ಲಾಕ್ ಇಲ್ಲ, ಮದರ್‌ಬೋರ್ಡು ಬಿ450, ಅದ್ರಲ್ಲಿ ಓವರ್‌ಕ್ಲಾಕ್, ಅಂದ್ರೆ ಕಂಪನಿ ಹೇಳಿದ್ದಕ್ಕಿಂತ ಜಾಸ್ತಿ ಸ್ಪೀಡಲ್ಲಿ ಓಡಿಸೋದು, ಮಾಡ್ಲಿಕ್ಕೆ ಬರ್ತದೆ (ಎ320 ಬೋರ್ಡ್ ಇದ್ದವರಿಗೆ ಬರೋದಿಲ್ಲ, ತಗೊಳ್ಳೋ ಮುಂಚೆ ನೋಡ್ಕೊಳ್ಳಿ). ಲೆಕ್ಕ ಸುಲಭ, ಬೇಸ್ ಕ್ಲಾಕ್ 100 ಮೆಗಾಹರ್ಟ್ಸ್, ಅದಕ್ಕೆ 39ರಿಂದ ಗುಣಿಸಿದ್ರೆ 3900.

ಶಿರಸಿಯಲ್ಲಿರೋ ಭಾವ ಅದೇ ಚಿಪ್ಪನ್ನ ಎರಡು ವರ್ಷದಿಂದ 4.1ರಲ್ಲಿ 1.35 ವೋಲ್ಟ್ ಕೊಟ್ಟು ಓಡಿಸ್ತಿದ್ದಾನೆ. ನಾನು ಅದನ್ನೇ ಹಂಗೇ ಹಾಕ್ದೆ, 41, 1.35, ಸೇವ್, ರೀಸ್ಟಾರ್ಟ್. ವಿಂಡೋಸ್ ಬಂತು! ಖುಷಿಯಲ್ಲಿ ಒಂದು ಟೇಪು ಎನ್‌ಕೋಡಿಗೆ ಹಾಕಿ ಪಕ್ಕದಲ್ಲಿ ಎಚ್‌ಡಬ್ಲ್ಯೂಇನ್ಫೋ (ಟೆಂಪರೇಚರ್ ತೋರಿಸೋ ಪ್ರೋಗ್ರಾಮ್) ತೆಗೆದಿಟ್ಟು ನೋಡ್ತಾ ಕೂತೆ, 80, 86, 91, ನಾಲ್ಕು ನಿಮಿಷ ಆಗ್ಲಿಲ್ಲ 95 ಮುಟ್ತು, ಸ್ಪೀಡು ತನ್ನಷ್ಟಕ್ಕೆ ಇಳೀಲಿಕ್ಕೆ ಶುರು ಆಯ್ತು. 95 ಡಿಗ್ರಿ ಆ ಚಿಪ್ಪಿನ ಮಿತಿ, ಅಲ್ಲಿಗೆ ಬಂದ್ರೆ ಅದು ತನ್ನನ್ನ ತಾನೇ ಉಳಿಸ್ಕೊಳ್ತದೆ. ಕೂಡ್ಲೇ ನಿಲ್ಲಿಸ್ದೆ. ಆಮೇಲೆ ಬಿಸಿ ಕಮ್ಮಿ ಆಗ್ಲಿ ಅಂತ ಸ್ಪೀಡು ಅದೇ 41 ಇಟ್ಟು ವೋಲ್ಟೇಜ್ ಮಾತ್ರ 1.2ಕ್ಕೆ ಇಳಿಸ್ದೆ. ಈ ಸಲ ಫ್ಯಾನ್ ತಿರುಗ್ತದೆ, ಲೈಟ್ ಉರೀತದೆ, ಸ್ಕ್ರೀನ್ ಮಾತ್ರ ಕಪ್ಪು. ಹತ್ತು ನಿಮಿಷ ಕಾದೆ, ಆಫ್ ಮಾಡಿ ಆನ್ ಮಾಡ್ದೆ, ಅದೇ ಕಪ್ಪು. ನಿಜವಾಗ್ಲೂ ಹೊಟ್ಟೆ ತೊಳಸಿದಂಗಾಯ್ತು, ಯಾಕಂದ್ರೆ ಮಾವನ ಫೈಲೆಲ್ಲ ಅದೇ ಮಶಿನ್ನಲ್ಲಿ, ಬ್ಯಾಕಪ್ ತೆಗೆದಿರಲಿಲ್ಲ.

ಭಾವನಿಗೆ ಫೋನ್ ಹಚ್ಚಿದೆ. ಅವ ಮೊದಲು ಕೇಳಿದ್ದು ವೋಲ್ಟೇಜ್ ಅಲ್ಲ, "ನಿಂಗಳ ರೂಮಲ್ಲಿ ಈಗ ಎಷ್ಟು ಡಿಗ್ರಿ ಇದ್ದು?" ಅಂತ. 33 ಅಂದೆ. ಅವ ತನ್ನ ಸೆಟ್ಟಿಂಗ್ ಕೂರಿಸಿದ್ದು ಡಿಸೆಂಬರ್ ರಾತ್ರಿ, ಘಟ್ಟದ ಮೇಲೆ, ರೂಮಲ್ಲಿ 18 ಇತ್ತಂತೆ, ಮೇಲಿಂದ ದೊಡ್ಡ ಟವರ್ ಕೂಲರ್ ಬೇರೆ. ನಂದು ಚಿಪ್ಪಿನ ಜೊತೆ ಬರೋ ಗಿಡ್ಡ ಸ್ಟಾಕ್ ಕೂಲರ್. ಕೂಲರ್ ಅನ್ನೋದು ಪ್ರಾಸೆಸರನ್ನ ರೂಮಿಗಿಂತ ತಣ್ಣಗೆ ಮಾಡೋದಿಲ್ಲ, ರೂಮಿನ ಗಾಳಿಗಿಂತ ಎಷ್ಟು ಮೇಲೆ ನಿಲ್ತದೆ ಅನ್ನೋದಷ್ಟೇ ಅದ್ರ ಕೈಲಿರೋದು. ಅವನಲ್ಲಿ 18ರ ಮೇಲೆ 60 ಏರಿದ್ರೆ 78, ನನ್ನಲ್ಲಿ ಅದೇ 60 ಏರಿದ್ರೆ 93. ಇನ್ನೊಂದು ಮಾತು, ನಮ್ಮೂರಲ್ಲಿ ಸೆಕೆ ಅಂದ್ರೆ ಬೆವರು ಆರದ ಸೆಕೆ, ಪ್ರಾಸೆಸರಿಗೆ ಬೆವರಿಲ್ಲ, ಹಂಗಾಗಿ ಗಾಳೀಲಿರೋ ತೇವದಿಂದ ಅದಕ್ಕೆ ಬಿಸಿ ಜಾಸ್ತಿ ಅನ್ಸೋದಿಲ್ಲ, ಡಿಗ್ರಿ ಎಷ್ಟು ಅನ್ನೋದೇ ಲೆಕ್ಕ. ತೇವ ಮತ್ತು ಉಪ್ಪು ತಿನ್ನೋದು ಲೋಹನ.

ಅದು ಕ್ಯಾಬಿನೆಟ್ ಬಿಚ್ಚಿದಾಗ ಕಾಣ್ತು. ಹಿಂದಿನ ಸ್ಕ್ರೂ ನಾಲ್ಕೂ ಕೆಂಪಗೆ ತುಕ್ಕು ಹಿಡಿದು ಒಂದು ಬರ್ಲೇ ಇಲ್ಲ, ಕೊಬ್ಬರಿ ಎಣ್ಣೆ ಬಿಟ್ಟು ಸ್ವಲ್ಪ ಹೊತ್ತು ಬಿಟ್ಟು ತೆಗೆದೆ. ಭಾವ ಹೇಳಿದಂಗೆ ಕರೆಂಟ್ ವೈರ್ ಕಿತ್ತು, ಪವರ್ ಬಟನ್ ಒಂದ್ಸಲ ಒತ್ತಿ, ಬೋರ್ಡಿನ ಕೆಳಗಿನ ಮೂಲೆಯಲ್ಲಿ ಸಿಮೋಸ್ (ಬಯೋಸ್ ಸೆಟ್ಟಿಂಗ್ ಇಟ್ಕೊಳ್ಳೋ ಜಾಗ) ಕ್ಲಿಯರ್ ಮಾಡೋ ಎರಡು ಪಿನ್ ಹುಡುಕಿ ಸ್ಕ್ರೂ ಡ್ರೈವರ್ ತುದಿಯಿಂದ ಎರಡನ್ನೂ ಮುಟ್ಟಿಸಿ ಹತ್ತು ಎಣಿಸಿದೆ. ಆನ್ ಮಾಡಿದ್ರೆ ಎಲ್ಲ ಮೊದಲಿನ ಹಾಗೆ! ಸೆಟ್ಟಿಂಗ್ ಮಾತ್ರ ಅಳಿಸಿ ಹೋಗಿತ್ತು, ಬೇರೆ ಏನೂ ಆಗಿರಲಿಲ್ಲ. ಅವತ್ತು ರಾತ್ರಿಯೇ ಏಳೂ ಫೈಲ್ ಹೊರಗಿನ ಹಾರ್ಡ್ ಡಿಸ್ಕಿಗೆ ಹಾಕ್ದೆ. ಇದನ್ನ ಮೊದಲೇ ಮಾಡಬೇಕಿತ್ತು, ಯಾಕಂದ್ರೆ ಸ್ಟೇಬಲ್ ಇಲ್ಲದ ಓವರ್‌ಕ್ಲಾಕ್ ಯಾವಾಗ್ಲೂ ಹ್ಯಾಂಗ್ ಆಗಿಯೇ ತೋರಿಸ್ತದೆ ಅಂತಿಲ್ಲ, ಕೆಲವು ಸಲ ಸುಮ್ಮನೆ ಫೈಲು ಕೆಡಿಸಿ ಹಾಕ್ತದೆ, ತಿಂಗಳು ಬಿಟ್ಟು ತೆಗೆದು ನೋಡಿದಾಗ್ಲೇ ಗೊತ್ತಾಗೋದು.

ಮುಂದಿನ ವಾರ 120 ಎಂಎಂ ಫ್ಯಾನಿನ ಟವರ್ ಕೂಲರ್ ತರಿಸ್ದೆ. ಹಳೇದು ತೆಗೆಯೋದೇ ಎಲ್ಲಕ್ಕಿಂತ ಹೆದರಿಕೆ ಕೆಲಸ. ಈ ಚಿಪ್ಪು ಕೂರೋ ಎಎಂ4 ಸಾಕೆಟ್ಟಲ್ಲಿ ಪಿನ್ನು ಇರೋದು ಚಿಪ್ಪಿನ ಅಡಿಗೆ, 1331 ಪಿನ್ನು, ಚಿಪ್ಪಿಗೂ ಕೂಲರಿಗೂ ನಡುವೆ ಹಚ್ಚಿದ ಪೇಸ್ಟ್ ಒಣಗಿ ಅಂಟಿಕೊಂಡಿದ್ರೆ ಕೂಲರ್ ಎಳೆದಾಗ ಚಿಪ್ಪೂ ಸಾಕೆಟ್ಟಿಂದ ಕಿತ್ತು ಜೊತೆಗೇ ಬರ್ತದೆ, ಪಿನ್ ಬಗ್ಗಿದ್ರೆ ಮುಗೀತು. ಅದಕ್ಕೆ ಹತ್ತು ನಿಮಿಷ ಲೋಡ್ ಹಾಕಿ ಪೇಸ್ಟ್ ಬಿಸಿ ಮಾಡ್ಕೊಂಡು, ಆಫ್ ಮಾಡಿ ವೈರ್ ತೆಗೆದು, ನಾಲ್ಕು ಸ್ಕ್ರೂ ಎದುರು ಬದುರು ಸ್ವಲ್ಪ ಸ್ವಲ್ಪವೇ ಸಡಿಲ ಮಾಡಿ, ಮೇಲಕ್ಕೆ ಎಳೀದೇ ಎಡಕ್ಕೆ ಬಲಕ್ಕೆ ನಿಧಾನಕ್ಕೆ ತಿರುಚಿದೆ. ಮೂರನೇ ಸಲಕ್ಕೆ ಕೈಗೆ ಗೊತ್ತಾಯ್ತು, ಜಾರಿತು. ಕೆಳಗೆ ಪೇಸ್ಟು ಗೋಡೆಯಿಂದ ಉದುರೋ ಸುಣ್ಣದ ತರ ಆಗಿತ್ತು. ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ ಹೊಸಾ ಪೇಸ್ಟ್ ಬಟಾಣಿಯಷ್ಟು ಹಚ್ಚಿ ಟವರ್ ಕೂರಿಸ್ದೆ. ಇಷ್ಟಕ್ಕೇ, ಏನೂ ಓವರ್‌ಕ್ಲಾಕ್ ಮಾಡದೇನೇ, ಲೋಡಲ್ಲಿ 84 ಇದ್ದಿದ್ದು 66ಕ್ಕೆ ಬಂತು.

ಆಮೇಲೆ ಭಾವ ಹೇಳಿದ್ದು ಒಂದೇ ಮಾತು, "ಒಂದೇ ಸಲಕ್ಕೆ ಹಾರಡ ಮಾರಾಯ." ಒಂದು ನೋಟ್‌ಬುಕ್ ತಗೊಂಡು ಮೊದಲು ಸ್ಟಾಕ್ ಸೆಟ್ಟಿಂಗಿನ ಟೆಂಪರೇಚರು ಟೈಮು ಎಲ್ಲ ಬರೆದೆ. ರ‍್ಯಾಮಿನ ಎಕ್ಸ್‌ಎಂಪಿ (ರ‍್ಯಾಮ್ ಸ್ಪೀಡ್ ಏರಿಸೋ ಸೆಟ್ಟಿಂಗ್) ಅವತ್ತು ಮುಟ್ಲಿಲ್ಲ, ಎರಡೂ ಒಟ್ಟಿಗೆ ಬದಲಾಯಿಸಿದ್ರೆ ತಪ್ಪು ಯಾರದು ಅಂತ ಗೊತ್ತಾಗೋದಿಲ್ಲ. ವೋಲ್ಟೇಜ್ ಆಟೋದಲ್ಲಿ ಬಿಡಬಾರದು, ಬೋರ್ಡು ತನ್ನ ಧೈರ್ಯಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಕೊಡ್ತದೆ, ಹಂಗಾಗಿ ನಾನೇ 1.25 ಅಂತ ಬರೆದೆ. 37, ಹತ್ತು ನಿಮಿಷ ಸಿನೆಬೆಂಚ್ (ಪ್ರಾಸೆಸರನ್ನ ಪೂರ್ತಿ ದುಡಿಸೋ ಟೆಸ್ಟು). 38, ಹತ್ತು ನಿಮಿಷ. 39, ಸರಿ. 39.5 ಹಾಕಿದಾಗ ಸಿನೆಬೆಂಚ್ ಪಾಸಾಯ್ತು, ವಿಂಡೋಸಲ್ಲೂ ಏನೂ ತೊಂದರೆ ಕಾಣ್ಲಿಲ್ಲ, ಆದ್ರೆ ಪ್ರೈಮ್95 (ಪ್ರಾಸೆಸರಿಗೆ ಲೆಕ್ಕ ಕೊಟ್ಟು ತಪ್ಪು ಹುಡುಕೋ ಟೆಸ್ಟು) ಹಾಕಿ ಆರನೇ ನಿಮಿಷಕ್ಕೆ ಹನ್ನೆರಡರಲ್ಲಿ ಒಂದು ವರ್ಕರ್ ರೌಂಡಿಂಗ್ ಎರರ್ ಅಂತ ಹೇಳಿ ನಿಂತುಬಿಡ್ತು. ಮಶಿನ್ ನಡೀತಾನೇ ಇದೆ, ಮೌಸ್ ಓಡ್ತದೆ, ಆದ್ರೆ ಒಳಗೆ ಒಂದು ಲೆಕ್ಕ ತಪ್ಪಾಗಿದೆ. ಅದನ್ನ ನೋಡಿದಾಗ ಮೈ ಜುಂ ಅಂತು, ಅದೇ ತಪ್ಪು ಮಾವನ ಮಾತಿನ ನಡುವೆ ಆಗಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ.

ವೋಲ್ಟೇಜ್ 1.2875ಕ್ಕೆ ಏರಿಸಿದ್ರೆ 39.5 ನಿಂತ್ಕೊಳ್ತಿತ್ತು, ಆದ್ರೆ ಬಿಸಿ 83. ಕೂತು ಲೆಕ್ಕ ಹಾಕ್ದೆ. ಪ್ರಾಸೆಸರ್ ಎಳೆಯೋ ಪವರು ಸ್ಪೀಡಿನ ಜೊತೆ ನೇರ ಏರ್ತದೆ, ವೋಲ್ಟೇಜಿನ ಜೊತೆ ಅದ್ರ ವರ್ಗದಷ್ಟು ಏರ್ತದೆ. 3.9ರಲ್ಲಿ 1.25 ಇದ್ದಿದ್ದನ್ನ ಭಾವನ ತರ 4.1, 1.35 ಮಾಡಿದ್ರೆ ಸ್ಪೀಡು ಸಿಗೋದು ಬರೇ ಐದು ಪರ್ಸೆಂಟ್, ಬಿಸಿ ಜಾಸ್ತಿ ಆಗೋದು ಸುಮಾರು 23 ಪರ್ಸೆಂಟ್. ಶಿರಸಿ ಚಳಿಯಲ್ಲಿ ಅದು ಅವನಿಗೆ ಸರಿ. ನನಗೆ 39ಕ್ಕೇ ನಿಲ್ಲಿಸೋದು ಸರಿ ಅನ್ಸ್ತು. ಇನ್ನೊಂದು ಕಾರಣನೂ ಇತ್ತು, ಮಲ್ಟಿಪ್ಲೈಯರ್ ನಾವೇ ಹಾಕಿದ್ರೆ ಬೂಸ್ಟ್ ಬಂದ್ ಆಗ್ತದೆ, 39ಕ್ಕಿಂತ ಕಮ್ಮಿ ಇಟ್ರೆ ಒಂದೇ ಕೋರಿನ ಕೆಲಸದಲ್ಲಿ ಮೊದಲಿಗಿಂತ ಹಿಂದೆ ಬೀಳ್ತಿದ್ದೆ.

3.9, 1.25 ವೋಲ್ಟ್, ಒಂದು ಗಂಟೆ ಪ್ರೈಮ್95, ಜಾಸ್ತಿ ಅಂದ್ರೆ 78 ಡಿಗ್ರಿ, ಎಚ್‌ಡಬ್ಲ್ಯೂಇನ್ಫೋದಲ್ಲಿ ಕೊನೇಗಿರೋ ಹಾರ್ಡ್‌ವೇರ್ ಎರರ್ ಸಾಲು ಸೊನ್ನೆ. ಮಧ್ಯೆ ಮಧ್ಯೆ ಬೋರ್ಡಲ್ಲಿ ಪ್ರಾಸೆಸರಿಗೆ ಕರೆಂಟ್ ಕೊಡೋ ವಿಆರ್‌ಎಂ ಹೀಟ್‌ಸಿಂಕ್ ಮೇಲೆ ಬೆರಳು ಇಟ್ಟು ನೋಡ್ದೆ, ಬಿಸಿ ಇತ್ತು, ಇಟ್ಟುಕೊಳ್ಳುವಷ್ಟೇ ಬಿಸಿ.

ರಾತ್ರಿ ಹತ್ತಕ್ಕೆ ಏಳೂ ಟೇಪು ಕ್ಯೂಗೆ ಹಾಕ್ದೆ. ಹನ್ನೊಂದರ ಹೊತ್ತಿಗೆ ಸದಾಶಿವಗಡದ ಕಡೆ ಮಿಂಚು, ಆಮೇಲೆ ಕಾಳಿ ನದಿ ದಾಟಿ ಮಳೆ ಬಂತು, ವರ್ಷದ ಮೊದಲ ಮಳೆ. ಯುಪಿಎಸ್ ಇದ್ರೂ ನಿದ್ದೆ ಬರ್ಲಿಲ್ಲ, ಕಿಟಕಿ ತೆರೆದು ಕೂತೆ, ರೂಮು 28ಕ್ಕೆ ಇಳೀತು, ಪ್ರಾಸೆಸರೂ ಅಷ್ಟೇ ಐದು ಡಿಗ್ರಿ ಇಳೀತು, ಗೋಡೇಲೂ ಸ್ಕ್ರೀನಲ್ಲೂ ಎರಡೂ ಒಟ್ಟಿಗೇ ಇಳಿಯೋದನ್ನ ನೋಡೋದೇ ಒಂದು ಚಂದ. ಮೊದಲು 6 ಗಂಟೆ 10 ನಿಮಿಷ ತಗೊಂಡಿದ್ದು 5 ಗಂಟೆ 40ಕ್ಕೆ ಮುಗೀತು. ಅರ್ಧ ಗಂಟೆ ಉಳೀತು, ಫಿಲ್ಟರ್ ಸರಿ ಮಾಡ್ಲಿಕ್ಕೆ ಇನ್ನೂ ನಾಲ್ಕು ಸಲ ಓಡಿಸ್ದೆ, ಎಲ್ಲ ಸೇರಿ ಅದು ನನಗೆ ದೊಡ್ಡದೇ.

ಫೈಲು ಸರಿ ಇದೆಯಾ ಅಂತ ಏಳೂ ಟೇಪು ಮೊದಲಿಂದ ಕೊನೇ ತನಕ ಕೂತು ನೋಡ್ದೆ. ನಾಲ್ಕನೇದ್ರಲ್ಲಿ ಮಾವ ಕುಂತಿಗೆ ಮಾತು ಕೊಡೋ ಜಾಗ ಬಂದಾಗ ಆಯಿ ಅಡಿಗೆಮನೆಯಿಂದ ಬಂದು ಬಾಗಿಲಲ್ಲೇ ನಿಂತ್ಕೊಂಡು, ಆಮೇಲೆ ಕುರ್ಚಿ ಎಳ್ಕೊಂಡು ಕೂತಳು.

ಹೋದ ವಾರ ಭಾವ ಫೋನ್ ಮಾಡಿದ್ದ, ಕುಮಟಾದಲ್ಲಿರೋ ಅವನ ಫ್ರೆಂಡೂ ಅದೇ ಚಿಪ್ ತಗೊಂಡಿದ್ದಾನಂತೆ, ನಿನ್ನ ಸೆಟ್ಟಿಂಗ್ ಕಳಿಸು ಅಂದ. ಕಳಿಸ್ದೆ, 39, 1.25, ಟವರ್ ಕೂಲರ್, ಅದ್ರ ಕೆಳಗೆ ರೂಮು 33 ಡಿಗ್ರಿ ಅಂತನೂ ಬರೆದೆ.