ಲಂಡನ್ನಿನಲ್ಲಿ ಒಂದು ‘ಅಂಜಬ್ಯಾಡ’

ಕರ್ಚಿಕಾಯಿಗೆ ಒಣಕೊಬ್ಬರಿ ಬೇಕಿತ್ತು. ಈಸ್ಟ್ ಹ್ಯಾಮ್‌ನ ಅಂಗಡಿಗಳಲ್ಲಿ ಬೇರೆ ದಿನವಾದರೆ ಕರಿಬೇವು, ನುಗ್ಗೆಕಾಯಿ ಎಲ್ಲಾ ಸಿಗುತ್ತದೆ, ಆದರೆ 2020ರ ಡಿಸೆಂಬರ್ 23ರಂದು ಚಳಿಯಲ್ಲಿ ಮುಕ್ಕಾಲು ತಾಸು ಕ್ಯೂ ನಿಂತು ಒಳಗೆ ಹೋದರೆ ಸಿಕ್ಕಿದ್ದು ಪ್ಯಾಕೆಟ್ಟಿನ ಕೊಬ್ಬರಿ ಪುಡಿ ಮಾತ್ರ. ಇರಲಿ ಅಂತ ಅದನ್ನೇ ತಂದೆ.

ಡಿಸೆಂಬರ್ 8ಕ್ಕೆ ಕವೆಂಟ್ರಿಯಲ್ಲಿ 90 ವರ್ಷದ ಅಜ್ಜಿಯೊಬ್ಬರಿಗೆ ಕೊರೊನಾ ಲಸಿಕೆ ಹಾಕಿದ್ದನ್ನು ಟಿವಿಯಲ್ಲಿ ನೋಡಿ ನಾವು ನರ್ಸುಗಳೆಲ್ಲ ಚಪ್ಪಾಳೆ ತಟ್ಟಿದ್ದೆವು. ಹನ್ನೊಂದು ದಿನ ಕಳೆಯುವಷ್ಟರಲ್ಲಿ ಹೊಸ ತಳಿ ಹಬ್ಬುತ್ತಿದೆ, ಲಂಡನ್ನಿನವರು ಕ್ರಿಸ್ಮಸ್‌ಗೆ ಯಾರ ಮನೆಗೂ ಹೋಗುವಂತಿಲ್ಲ ಅಂದರು. ಫ್ರಾನ್ಸ್ ಗಡಿ ಮುಚ್ಚಿತು, ಕೆಂಟ್‌ನಲ್ಲಿ ಲಾರಿಗಳು ಸಾವಿರಗಟ್ಟಲೆ ನಿಂತವು. 22ರ ರಾತ್ರಿಯಿಂದ ಭಾರತಕ್ಕೂ ವಿಮಾನ ಬಂದ್. ನಾನೇನೂ ಟಿಕೆಟ್ ತೆಗೆದಿರಲಿಲ್ಲ. ಆದರೂ ಧಾರವಾಡದಲ್ಲಿ ಸಕ್ಕರೆ ಕಾಯಿಲೆ ಇರುವ ಅಪ್ಪನಿಗೆ ಏನಾದರೂ ಆದರೆ ಹೋಗೋಕೇ ಆಗಲ್ಲ ಅನ್ನೋದು ಎದೆ ಮೇಲೆ ಕೂತುಬಿಟ್ಟಿತು. ವಾರ್ಡಿನಲ್ಲಿ ಅಂಥ ಅಪ್ಪಂದಿರನ್ನು ದಿನಾ ನೋಡುತ್ತಿದ್ದೆನಲ್ಲ.

24ಕ್ಕೆ ರಜೆ. ಅಚ್ಚು ಇಲ್ಲ, ಫೋರ್ಕಿನಿಂದಲೇ ಅಂಚು ಒತ್ತಿದೆ. ನಾಲ್ಕು ಗಂಟೆಗೇ ಕತ್ತಲಾಗಿತ್ತು. ಎಣ್ಣೆ ಜಾಸ್ತಿ ಕಾದು ಹೊಗೆಯ ಅಲಾರಂ ಕೂಗಿತು, ಮೊದಲ ಆರು ಕರ್ಚಿಕಾಯಿ ಕರ್ರಗಾದವು. ನನ್ನ ಜೊತೆ ಮನೆ ಹಂಚಿಕೊಂಡಿದ್ದ ಪೋಲೆಂಡ್ ಹುಡುಗಿ ಟವೆಲ್ ಬೀಸುತ್ತಾ ಓಡಿ ಬಂದಳು. ಅವಳೂ ಊರಿಗೆ ಹೋಗಲಾಗದೆ ಉಳಿದವಳೇ. ಅವರಲ್ಲಿ ಕ್ರಿಸ್ಮಸ್ ಹಿಂದಿನ ರಾತ್ರಿ ಊಟಕ್ಕೆ ಒಂದು ತಟ್ಟೆ ಜಾಸ್ತಿ ಇಡುತ್ತಾರೆ, ಕರೆಯದೆ ಬರುವ ಅತಿಥಿಗೆ ಅಂತ. ಆ ವರ್ಷ ಅತಿಥಿ ಬಂದರೆ ಪೊಲೀಸರು ದಂಡ ಹಾಕುತ್ತಾರೆ ಅಂತ ಇಬ್ಬರೂ ನಕ್ಕೆವು. ಆ ತಟ್ಟೆಗೆ ಸುಡದೆ ಉಳಿದ ಎರಡು ಕರ್ಚಿಕಾಯಿ ಇಟ್ಟೆ.

ನಮ್ಮದು ಬಾಸೆಲ್ ಮಿಷನ್ ಕಾಲದಿಂದ ಬಂದ ಕ್ರೈಸ್ತ ಮನೆತನ. ಕ್ರಿಸ್ಮಸ್ ದಿನ ಬೆಳಗಿನ ಐದಕ್ಕೆ ಅಪ್ಪ ಬೈಬಲಿನ ಲೂಕನ ಸುವಾರ್ತೆಯಿಂದ ಯೇಸು ಹುಟ್ಟಿದ ಕಥೆ ಜೋರಾಗಿ ಓದಲೇಬೇಕು, ಚಿಕ್ಕವರಿದ್ದಾಗ ನಾವು ಚಾದರದೊಳಗಿಂದಲೇ ಕೇಳುತ್ತಿದ್ದೆವು. ಇಲ್ಲಿ ರಾತ್ರಿ ಹನ್ನೊಂದೂವರೆ. ಫೋನಿನಲ್ಲಿ ಓದಿದರು. ಎಷ್ಟೋ ಸಲ ಕೇಳಿದ ಕಥೆ, ಆದರೆ ಅದರಲ್ಲಿ ಎಲ್ಲರೂ ಹೆದರಿದವರೇ ಅಂತ ಅವತ್ತೇ ಹೊಳೆದದ್ದು. ದೇವಾಲಯದ ಯಾಜಕ ಜಕರೀಯ ಹೆದರಿದ. ಯೇಸುವಿನ ತಾಯಿ ಮರಿಯಳು ಹೆದರಿದಳು. ಹೊಲದಲ್ಲಿದ್ದ ಕುರುಬರೂ ಹೆದರಿದರು. ದೇವದೂತ ಕುರುಬರಿಗೆ ‘ಹೆದರಬೇಡಿರಿ’ ಅನ್ನುತ್ತಾನೆ, ಮರಿಯಳಿಗಾದರೆ ‘ಹೆದರಬೇಡ’. ಇಂಗ್ಲಿಷ್ ಚರ್ಚಿನಲ್ಲಿ ಈ ವ್ಯತ್ಯಾಸ ಕಿವಿಗೇ ಬೀಳುವುದಿಲ್ಲ, ಅಲ್ವಾ? ಒಬ್ಬಳನ್ನೇ ಕರೆದು, ಹೆಸರು ಹಿಡಿದು ಹೇಳಿದ ಮಾತು ಅದು. ನಾನು ಫೋನ್ ಹಿಡಿದು ಸುಮ್ನೆ ಕೂತಿದ್ದೆ. ಅಪ್ಪನಿಗೆ ಗೊತ್ತಾಯಿತೇನೋ.

“ಅಳಾಕತ್ತೀ ಏನ್ ನಮ್ಮವ್ವ?”

“ಇಲ್ಲಪ್ಪಾ, ನೆಗಡಿ.”

“ಅಂಜಬ್ಯಾಡ. ನಾ ಅದೀನಿ, ದೇವ್ರೂ ಅದಾನ. ಮೊದ್ಲು ಉಂಡೀಯೋ ಇಲ್ಲೋ ಹೇಳು.”

ಮರುದಿನ ಮಧ್ಯಾಹ್ನ ಡ್ಯೂಟಿ. ಮೂರು ಪದರ ಉಡುಪು ಹಾಕಿಕೊಳ್ಳುವಾಗ ಭಯ ಇದ್ದೇ ಇತ್ತು, ಆದರೆ ಹಿಂದಿನ ವಾರದ ಹಾಗೆ ಗ್ಲೌಸ್ ಹಾಕಲು ಕೈ ನಡುಗಲಿಲ್ಲ. ಕಿಟಕಿ ಪಕ್ಕದ ಹಾಸಿಗೆಯ ತಾತ ಆಕ್ಸಿಜನ್ ಮಾಸ್ಕ್ ಸರಿಸಿ ಏನೋ ಕೇಳಿದರು, ಗಾಬರಿಯಲ್ಲಿದ್ದರು. ಅವರ ಕೈ ಹಿಡಿದೆ. ಬಾಯಿಂದ ಬಂದದ್ದು ಕನ್ನಡ.

“ಅಂಜಬ್ಯಾಡ್ರಿ.”

ತಾತ ತಲೆಯಾಡಿಸಿದರು.