ಯಾವ ಫಿಲಂದೂ ಅಲ್ಲ

ಇದನ್ನು ಒಂದು ಸಲ ಬರೆದಿಟ್ಟುಬಿಡುತ್ತೇನೆ. ಇನ್ನು ಮುಂದೆ ಯಾರು ಕೇಳಿದರೂ ಲಿಂಕ್ ಕಳಿಸುತ್ತೇನೆ, ಬಾಯಿ ಬಿಡುವುದಿಲ್ಲ.

ಟ್ರೇಸಿ ಚಾಪ್‌ಮನ್ ಹಾಡನ್ನು ಸ್ಟೇಟಸ್‌ಗೆ ಹಾಕಿದಾಗಲೆಲ್ಲ, ಮನೆಯವರ ಗ್ರೂಪಿಗೆ ಕಳಿಸಿದಾಗಲೆಲ್ಲ ನನಗೆ ಬರುವ ಪ್ರಶ್ನೆ ಒಂದೇ: "ಚೆನ್ನಾಗಿದೆ, ಯಾವ ಫಿಲಂದು?"

ಯಾವ ಫಿಲಂದೂ ಅಲ್ಲ ಸ್ವಾಮಿ. ಆಕೆ ಅಮೆರಿಕದ ಕ್ಲೀವ್‌ಲ್ಯಾಂಡಿನವಳು. ಬರೆದವಳು ಅವಳೇ, ಟ್ಯೂನ್ ಹಾಕಿದವಳು ಅವಳೇ, ಗಿಟಾರ್ ಹಿಡಿದು ಹಾಡಿದವಳೂ ಅವಳೇ. ಹೀರೋ ಇಲ್ಲ, ಹಿಂದೆ ಕುಣಿಯುವ ನಲವತ್ತು ಜನ ಇಲ್ಲ.

ನಿಮ್ಮ ತಪ್ಪು ಅಂತಲೂ ಹೇಳಲಾರೆ. ನಮ್ಮಲ್ಲಿ ಬರೆಯುವವರು ಒಬ್ಬರು, ರಾಗ ಹಾಕುವವರು ಇನ್ನೊಬ್ಬರು, ಹಾಡುವವರು ಮತ್ತೊಬ್ಬರು. ಸಿನಿಮಾ ಬಿಡಿ, ಶರೀಫಜ್ಜನ ಪದಗಳೂ ನಮ್ಮಲ್ಲಿ ಎಷ್ಟೋ ಜನರ ಕಿವಿಯಲ್ಲಿ ಕೂತಿರುವುದು ಸಿ. ಅಶ್ವತ್ಥ್ ಹಾಕಿದ ಧಾಟಿಯಲ್ಲೇ. ಸರಿ, ಅಷ್ಟು ಮಾಫಿ. ಆದರೆ "ಎಷ್ಟು ಚೆನ್ನಾಗಿ ಹಾಡಿದಾನೆ" ಅಂತ ಬರೆದ ಚಿಕ್ಕಪ್ಪನಿಗೆ ಮಾಫಿ ಇಲ್ಲ. ದನಿ ಸ್ವಲ್ಪ ದಪ್ಪ ಇದೆ, ಒಪ್ಪಿದೆ. ವಿಡಿಯೋ ನೋಡಬಹುದಿತ್ತಲ್ವಾ?

ಇನ್ನು "ನಿಂಗೇನು ಕಮಿಷನ್ ಕೊಡ್ತಾಳಾ?" ಅನ್ನುವವರಿಗೆ. 1988ರ ಜೂನ್ 11, ಲಂಡನ್ನಿನ ವೆಂಬ್ಲಿ ಸ್ಟೇಡಿಯಂ. ಜೈಲಿನಲ್ಲಿದ್ದ ಮಂಡೇಲಾ ಅವರ 70ನೇ ಹುಟ್ಟುಹಬ್ಬಕ್ಕೆ ಅಂತ ದೊಡ್ಡ ಕಾರ್ಯಕ್ರಮ. 24 ವರ್ಷದ ಇವಳು ತನ್ನ ಪಾಲಿನ ಹಾಡು ಮುಗಿಸಿ ಇಳಿದಿದ್ದಳು. ಆಮೇಲೆ ಆಗಲೇ ಹೆಸರಾಗಿದ್ದ ಗಾಯಕ ಸ್ಟೀವಿ ವಂಡರ್ ಹತ್ತಬೇಕು ಅನ್ನುವಷ್ಟರಲ್ಲಿ ಅವರ ಸಿಂಥಸೈಜರಿನ, ಅಂದರೆ ಎಲೆಕ್ಟ್ರಾನಿಕ್ ಕೀಬೋರ್ಡಿನ, ಹಾರ್ಡ್ ಡಿಸ್ಕ್ ಕಾಣೆ! ಅವರು ಹೊರಟೇಹೋದರು. ಖಾಲಿ ಬಿದ್ದ ಹೊತ್ತಿಗೆ ಇವಳನ್ನೇ ಮತ್ತೆ ಕಳಿಸಿದರು. ಒಂದು ಗಿಟಾರ್, ಒಂದು ಮೈಕು. 'ಫಾಸ್ಟ್ ಕಾರ್' ಹಾಡಿದಳು. ಎಷ್ಟೋ ದೇಶಗಳಲ್ಲಿ ಜನ ಟೀವಿ ಮುಂದೆ ಕೂತಿದ್ದರು, ಆಲ್ಬಂ ಹುಡುಕಿಕೊಂಡು ಅಂಗಡಿಗೆ ಹೋದರು. ಆವತ್ತು ಟೀವಿಯವರು ಹಂಚಿದರೆ ಇತಿಹಾಸ, ಇವತ್ತು ನಾನು ಹಂಚಿದರೆ ಹುಚ್ಚು.

2023ರಲ್ಲಿ ಲ್ಯೂಕ್ ಕೋಮ್ಸ್ ಅನ್ನುವ ಕಂಟ್ರಿ (ಅಮೆರಿಕದ ಹಳ್ಳಿ ಸೊಗಡಿನ ಸಂಗೀತ) ಗಾಯಕ ಅದೇ ಹಾಡನ್ನು ಮತ್ತೆ ಹಾಡಿದ. ಆ ವರ್ಷ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ನಿನ 'ವರ್ಷದ ಹಾಡು' ಪ್ರಶಸ್ತಿ ಸಿಕ್ಕಿದ್ದು ಬರೆದವಳಿಗೆ. ಅದನ್ನು ಪಡೆದ ಮೊದಲ ಕಪ್ಪು ಗೀತರಚನೆಗಾರ್ತಿ ಇವಳೇ, ಹಾಡು ಬಂದು 35 ವರ್ಷ ಆದಮೇಲೆ. 2024ರ ಫೆಬ್ರುವರಿಯಲ್ಲಿ ಗ್ರ್ಯಾಮಿ ಸಂಗೀತ ಪ್ರಶಸ್ತಿಯ ವೇದಿಕೆಯಲ್ಲಿ ಇಬ್ಬರೂ ಒಟ್ಟಿಗೆ ಹಾಡಿದರು. ಆಗ ನನ್ನ ಕಸಿನ್ ಒಬ್ಬಳು ಆ ವಿಡಿಯೋ ನನಗೇ ಕಳಿಸಿದಳು: "ನೋಡೇ, ಹೊಸ ಹಾಡು ಬಂದಿದೆ."

ಏನು ಹೇಳಲಿ.

ಇಷ್ಟು ವರ್ಷದಲ್ಲಿ ಹಾಡಿನೊಳಗೆ ಏನಿದೆ ಅಂತ ಕೇಳಿದ್ದು ಒಬ್ಬರೇ. ತಿಪಟೂರಿನ ನಮ್ಮತ್ತೆ, ಅಪ್ಪನ ತಂಗಿ. ಅದೇ ವಾರ ಅವರ ಮನೆಗೆ ಹೋಗಿದ್ದೆ. ಅವರೆಕಾಯಿ ಸೀಸನ್. ಅತ್ತೆ ನೆನೆಸಿದ ಕಾಳನ್ನು ಹಿತುಕುತ್ತಾ ಕೂತಿದ್ದರು. ಫೋನನ್ನು ಪಾತ್ರೆಗೆ ಒರಗಿಸಿ ಹಾಕಿದೆ. ಒಂದು ಕಾಳು ಚಿಮ್ಮಿ ಟ್ರೇಸಿಯ ಹಣೆಗೇ ಬಿತ್ತು.

"ಏನಂತಾಳೆ ಅವಳು?" ಅಂದರು. ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ.

ಹೇಳಿದೆ. ಒಬ್ಬಳು ಹುಡುಗಿ. ಅಪ್ಪ ಕುಡುಕ, ಅಮ್ಮ ಬಿಟ್ಟುಹೋಗಿದ್ದಾಳೆ. ಅಪ್ಪನನ್ನು ನೋಡಿಕೊಳ್ಳಲು ಸ್ಕೂಲು ಬಿಟ್ಟಿದ್ದಾಳೆ. ಅವಳ ಹುಡುಗನ ಹತ್ತಿರ ಜೋರಾಗಿ ಓಡುವ ಕಾರಿದೆ. ಅದರಲ್ಲಿ ಕೂತು ಈ ಊರು ಬಿಟ್ಟು ಹೋಗೋಣ, ಎಲ್ಲಾದರೂ ದುಡಿದು ಬದುಕೋಣ ಅಂತಾಳೆ. ಹೋಗುತ್ತಾರೆ. ಇವಳಿಗೆ ಕೆಲಸ ಸಿಗುತ್ತದೆ, ಮನೆ ಖರ್ಚೆಲ್ಲ ಇವಳದೇ. ಅವನು ಕುಡಿಯುತ್ತಾ ಕೂರುತ್ತಾನೆ. ಕೊನೆಗೆ ಅದೇ ಸಾಲು ಮತ್ತೆ ಬರುತ್ತದೆ. ಆದರೆ ಮೊದಲು "ನಾವು" ಅಂತಿದ್ದವಳು ಈಗ "ನೀನು" ಅಂತಾಳೆ. ಇಂಗ್ಲಿಷಿನಲ್ಲಿ ಬದಲಾಗುವುದು ಅದೊಂದೇ ಪದ, ಎಷ್ಟೋ ಜನಕ್ಕೆ ಕಿವಿಗೇ ಬೀಳುವುದಿಲ್ಲ. ಅತ್ತೆಗೆ ಕನ್ನಡದಲ್ಲಿ ಹೇಳಿದೆನಲ್ಲ, ಸುಲಭವಾಯಿತು. ಹೋಗೋಣ ಅಂದವಳು ಹೋಗು ಅಂದಳು.

ಅತ್ತೆ ಹಿತುಕುವುದನ್ನು ನಿಲ್ಲಿಸಲಿಲ್ಲ. "ಕಾರು ಯಾರ ಹೆಸರಲ್ಲಿತ್ತು?" ಅಂದರು.

ನಾನು ಸಾವಿರ ಸಲ ಕೇಳಿದ ಹಾಡು ಅದು. ಈ ಪ್ರಶ್ನೆ ನನಗೇ ಹೊಳೆದಿರಲಿಲ್ಲ.

"ಅವನದೇ" ಅಂದೆ.

"ಅದೇ ಮತ್ತೆ. ನಿಮ್ಮ ಮಾವನ ಸ್ಕೂಟರಿಗೆ ಕಂತು ಕಟ್ಟಿದ್ದು ನಾನು, ಬಟ್ಟೆ ಹೊಲಿದು. ಆರ್‌ಸಿ ಅವರ ಹೆಸರಲ್ಲಿ."

"ಈಗೆಲ್ಲಿದೆ ಅತ್ತೆ ಆ ಸ್ಕೂಟರ್?"

"ಮಾರಿದರು. ನನ್ನನ್ನೇನೂ ಕೇಳಲಿಲ್ಲ." ಪಾತ್ರೆಯನ್ನು ನನ್ನ ಕಡೆ ತಳ್ಳಿದರು. "ಸುಮ್ನೆ ಕೂತಿದ್ದೀಯಲ್ಲೇ, ನೀನೂ ನಾಲ್ಕು ಕಾಳು ಹಿತುಕು."